ಮೊದಲು ಎಡಗೈ ಕೇಳು

ಪ್ರೀತಿಯ ತಮ್ಮಾ,

ಅಮೆರಿಕದ ಜಾಝ್ ಪಿಯಾನೊ ವಾದಕ ಫ್ಯಾಟ್ಸ್ ವಾಲರ್ ಬಗ್ಗೆ ನೀನು ಬರೆದು ಕಳಿಸಿದ ಲೇಖನ ಓದಿದೆ. ಅವನ ಪಿಯಾನೊ ನಿನಗೆ ಹುಚ್ಚು ಹಿಡಿಸಿದೆ ಅನ್ನುವುದು ಮೊದಲ ಪುಟದಲ್ಲೇ ಗೊತ್ತಾಯಿತು. ಆದರೆ ಲೇಖನ ಮುಗಿದರೂ ಅವನು ಪಿಯಾನೊ ಮುಂದೆ ಕೂತು ಏನು ಮಾಡುತ್ತಾನೆ ಅನ್ನುವುದು ಗೊತ್ತಾಗಲಿಲ್ಲ. 'ಅದ್ಭುತ', 'ಮಾಂತ್ರಿಕ ಸ್ಪರ್ಶ', 'ಮೋಡಿ ಮಾಡುವ ಬೆರಳುಗಳು' ಅಂತೆಲ್ಲ ಬರೆದಿದ್ದೀಯ. ಇದರಿಂದ ನಿನಗೆ ಎಷ್ಟು ಖುಷಿಯಾಗಿದೆ ಅಂತ ತಿಳಿಯಿತು, ಅಷ್ಟೇ. ಇದೇ ಮಾತುಗಳನ್ನು ಯಾವ ವಾದಕನಿಗೆ ಬೇಕಾದರೂ ಅಂಟಿಸಬಹುದು, ಅಲ್ವಾ?

ಮೊದಲು ಎಡಗೈ ಹಿಡಿ. 'ಹ್ಯಾಂಡ್‌ಫುಲ್ ಆಫ್ ಕೀಸ್' ಹಾಕಿಕೋ. 1929ರ ಮಾರ್ಚ್ 1ರಂದು ವಿಕ್ಟರ್ ಎಂಬ ರೆಕಾರ್ಡ್ ಕಂಪನಿಗಾಗಿ ನುಡಿಸಿದ್ದು ಅದು. ಮೂರು ನಿಮಿಷವೂ ಇಲ್ಲ. ಡ್ರಮ್ ಇಲ್ಲ, ಬೇಸ್ ಇಲ್ಲ, ಒಬ್ಬನೇ ಮನುಷ್ಯ. ಬಲಗೈ ಮೇಲೆ ಏನೇನೋ ಆಟ ಆಡುತ್ತಿರುತ್ತದೆ, ಸದ್ಯಕ್ಕೆ ಅದನ್ನು ಬಿಟ್ಟುಬಿಡು. ಕೆಳಗಿನ ಸದ್ದನ್ನಷ್ಟೇ ಕೇಳುತ್ತಾ ನಾಲ್ಕು ಎಣಿಸು. ಒಂದಕ್ಕೆ ಮತ್ತು ಮೂರಕ್ಕೆ ಎಡಗೈ ಪಿಯಾನೊದ ಎಡತುದಿಯ ಕಡೆ ಹೋಗಿ ಒಂದು ದಪ್ಪ ಸ್ವರ ಹೊಡೆಯುತ್ತದೆ. ಎರಡಕ್ಕೆ ಮತ್ತು ನಾಲ್ಕಕ್ಕೆ ಅಲ್ಲಿಂದ ನೆಗೆದು ನಡುವಿಗೆ ಬಂದು ಮೂರ್ನಾಲ್ಕು ಸ್ವರ ಒಟ್ಟಿಗೆ ಒತ್ತುತ್ತದೆ. ಮತ್ತೆ ಎಡಕ್ಕೆ, ಮತ್ತೆ ನಡುವಿಗೆ. ಇದಕ್ಕೇ ಸ್ಟ್ರೈಡ್ ಅನ್ನುವುದು. ಡ್ರಮ್ಮಿನವನ ಕೆಲಸ, ಬೇಸಿನವನ ಕೆಲಸ, ಗಿಟಾರಿನವನ ಕೆಲಸ ಎಲ್ಲವೂ ಆ ಒಂದೇ ಕೈಗೆ. ಆ ವೇಗದಲ್ಲಿ ಕೀ ನೋಡಿಕೊಂಡು ನೆಗೆಯಲು ಆಗುವುದಿಲ್ಲ. ದೂರ ಎಷ್ಟು ಅನ್ನುವುದು ಕೈಗೇ ಗೊತ್ತಿರಬೇಕು.

ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಲೇಬೇಕು. ಇಲ್ಲಿ ಹೆಚ್ಚಿನವರು ಹತ್ತಿರದಿಂದ ಕಂಡಿರುವುದು ಹಾರ್ಮೋನಿಯಂ. ಅದರಲ್ಲಿ ಎಡಗೈ ತಿದಿ ಒತ್ತುತ್ತಿರುತ್ತದೆ, ಹಾಡೆಲ್ಲ ಬಲಗೈಯದು. ಕಂಪನಿ ನಾಟಕದ ಲೆಗ್ ಹಾರ್ಮೋನಿಯಂ ನೋಡಿದವರಿಗೆ ಮಾತ್ರ ಎರಡೂ ಕೈ ಬಿಡುವಾಗಿರುವುದು ಗೊತ್ತು. ವಾಲರ್ ಕೂಡ ಚಿಕ್ಕಂದಿನಲ್ಲಿ ಅಂಥ ಕಾಲಿನಲ್ಲಿ ತಿದಿ ಒತ್ತುವ ವಾದ್ಯ ನುಡಿಸಿದವನು. ಅವನಪ್ಪ ನ್ಯೂಯಾರ್ಕಿನ ಹಾರ್ಲೆಮ್‌ನ ಬೀದಿಯಲ್ಲಿ ಧರ್ಮಬೋಧನೆ ಮಾಡುತ್ತಿದ್ದಾಗ ಈ ಹುಡುಗ ಪಕ್ಕದಲ್ಲಿ ಕೂತು ನುಡಿಸುತ್ತಿದ್ದ. ಇದು ನಿನ್ನ ಲೇಖನದಲ್ಲಿ ಇಲ್ಲವೇ ಇಲ್ಲ. ಸೇರಿಸು.

ಇನ್ನೊಂದು ಸಂಗತಿ. ಅವನ ಕೈ ಬಹಳ ದೊಡ್ಡದು. ಹೆಬ್ಬೆರಳು ಮತ್ತು ಕಿರುಬೆರಳು ಚಾಚಿದರೆ ಹತ್ತು ಬಿಳಿ ಕೀ ಸಲೀಸಾಗಿ ಸಿಗುತ್ತಿದ್ದವು. ಅಂದರೆ ಕೆಳಗಿನ ಷಡ್ಜವನ್ನೂ ಅದರ ಮೇಲಿನ ಸ್ಥಾಯಿಯ ಗಾಂಧಾರವನ್ನೂ ಒಂದೇ ಕೈಯಲ್ಲಿ ಒಂದೇ ಏಟಿಗೆ ಹಿಡಿಯಬಲ್ಲ. ಬರೀ ಷಡ್ಜಕ್ಕೆ ಷಡ್ಜ ಸೇರಿಸಿದರೆ ಸದ್ದು ಗಟ್ಟಿಯಾಗುತ್ತದೆ, ಆದರೆ ಬೋಳಾಗಿರುತ್ತದೆ. ಮೇಲಿನ ಗಾಂಧಾರ ಸೇರಿದಾಗ ಅದೇ ಸದ್ದು ತುಂಬಿಕೊಳ್ಳುತ್ತದೆ, ಬೆಚ್ಚಗಾಗುತ್ತದೆ. ನೀನು 'ಹೃದಯ ತಟ್ಟುವ ನಾದ' ಅಂತ ಬರೆದ ಜಾಗದಲ್ಲಿ ಈ ಎರಡು ಸ್ವರದ ಲೆಕ್ಕ ಹಾಕು. ಓದುಗ ತಾನೇ ಹೋಗಿ ಕೇಳುತ್ತಾನೆ. ಜೊತೆಗೆ, ಆ ದಪ್ಪ ಮನುಷ್ಯ ಪಿಯಾನೊವನ್ನು ಗುದ್ದುವುದಿಲ್ಲ ಅನ್ನುವುದನ್ನೂ ಗಮನಿಸು. ಎಷ್ಟೇ ವೇಗದಲ್ಲಿದ್ದರೂ ಒತ್ತು ಹಗುರ. ನನಗಂತೂ ಅವನ ವೇಗಕ್ಕಿಂತ ಇದೇ ಜಾಸ್ತಿ ಇಷ್ಟ.

ಜೀವನಚರಿತ್ರೆ ಭಾಗವನ್ನು ಅರ್ಧಕ್ಕೆ ಇಳಿಸು. ಹುಟ್ಟಿದ್ದು 1904ರಲ್ಲಿ, ನ್ಯೂಯಾರ್ಕ್. ಇನ್ನೂ ಹುಡುಗನಾಗಿದ್ದಾಗಲೇ ಲಿಂಕನ್ ಥಿಯೇಟರಿನಲ್ಲಿ ಮೂಕಿ ಚಿತ್ರಗಳಿಗೆ ಆರ್ಗನ್ ನುಡಿಸುವ ಕೆಲಸ. ಅಲ್ಲಿ ಅವನ ಹತ್ತಿರ ಕೂತು ಆರ್ಗನ್ ಕಲಿತವರಲ್ಲಿ ಮುಂದೆ ಜಾಝ್ ತಂಡ ಕಟ್ಟಿ ಕೌಂಟ್ ಬೇಸಿ ಎಂದು ಹೆಸರಾದವನೂ ಒಬ್ಬ. 1920ರಲ್ಲಿ ಅಮ್ಮ ತೀರಿಕೊಂಡಳು. ಮನೆ ಬಿಟ್ಟು ರಸೆಲ್ ಬ್ರೂಕ್ಸ್ ಎಂಬ ಪಿಯಾನೊದವನ ಮನೆ ಸೇರಿದ. ಅವನ ಮೂಲಕ ಸ್ಟ್ರೈಡ್ ವಾದಕ ಜೇಮ್ಸ್ ಪಿ. ಜಾನ್ಸನ್ ಸಿಕ್ಕಿದ. ಇಲ್ಲಿ ಮಾತ್ರ ಸ್ವಲ್ಪ ನಿಲ್ಲು, ಯಾಕೆಂದರೆ ಕಲಿತ ಬಗೆ ಇಲ್ಲಿದೆ. ಆ ಕಾಲದಲ್ಲಿ ತಾನೇ ನುಡಿಯುವ ಪಿಯಾನೊಗಳಿದ್ದವು. ತೂತು ಕೊರೆದ ಕಾಗದದ ಸುರುಳಿ ಹಾಕಿದರೆ ಕೀಗಳು ತಾವಾಗಿಯೇ ಕೆಳಗಿಳಿಯುತ್ತಿದ್ದವು. ಜಾನ್ಸನ್ನನ 'ಕ್ಯಾರೊಲಿನಾ ಶೌಟ್' ಸುರುಳಿಯನ್ನು ನಿಧಾನಕ್ಕೆ ಓಡಿಸಿ, ಇಳಿದ ಕೀಗಳ ಮೇಲೆ ಬೆರಳಿಟ್ಟು ಹುಡುಗರು ಕಲಿಯುತ್ತಿದ್ದರು. ವಾಲರ್ ಕಲಿತದ್ದೂ ಹಾಗೆ, ಮುಂದೆ ದೊಡ್ಡ ಜಾಝ್ ಸಂಯೋಜಕನಾದ ಡ್ಯೂಕ್ ಎಲಿಂಗ್ಟನ್ ಕಲಿತದ್ದೂ ಹಾಗೆ. ನಿನಗೆ ಫೋನಿನಲ್ಲೇ ವೇಗ ಅರ್ಧ ಮಾಡಿಕೊಳ್ಳುವ ಸೌಕರ್ಯ ಇದೆ. ಮಾಡಿ ನೋಡು.

ಆಮೇಲೆ ಬಾಡಿಗೆ ಪಾರ್ಟಿಗಳು. ಹಾರ್ಲೆಮ್‌ನಲ್ಲಿ ಕರಿಯರಿಗೆ ಸಂಬಳ ಕಡಿಮೆ, ಬಾಡಿಗೆ ಜಾಸ್ತಿ. ತಿಂಗಳ ಬಾಡಿಗೆ ಹೊಂದಿಸಲು ಜನ ತಮ್ಮ ಮನೆಯಲ್ಲೇ ಪಾರ್ಟಿ ಇಟ್ಟು, ಬಾಗಿಲಲ್ಲಿ ಚಿಲ್ಲರೆ ವಸೂಲಿ ಮಾಡಿ, ಊಟ ಮತ್ತು ಕುಡಿತ ಮಾರಿ, ಒಬ್ಬ ಪಿಯಾನೊದವನನ್ನು ಕೂರಿಸುತ್ತಿದ್ದರು. ತುಂಬಿದ ಕೋಣೆ, ಮೈಕಿಲ್ಲ, ಬೆಳಗಿನವರೆಗೆ ಕುಣಿತ. ಒಬ್ಬ ಏಳುತ್ತಿದ್ದ ಹಾಗೆ ಇನ್ನೊಬ್ಬ ಕೂತು ಅವನನ್ನು ಮೀರಿಸಲು ನೋಡುತ್ತಿದ್ದ. ಆ ಎಡಗೈ ಅಷ್ಟು ಗಟ್ಟಿಯಾಗಿರಲು ಇದು ದೊಡ್ಡ ಕಾರಣ. ಕುಣಿಯುವವರ ಕಾಲು ಆ ಕೈಯನ್ನೇ ನಂಬಿತ್ತು.

ಈಗ ಅವನ ನಗು. ನೀನು ಅವನ ಟೋಪಿ, ಹುಬ್ಬು ಕುಣಿಸುವುದು, ಹಾಡಿನ ನಡುವೆ ಬಿಡುವ ಚಟಾಕಿ ಎಲ್ಲವನ್ನೂ ಒಂದೇ ಪ್ಯಾರಾದಲ್ಲಿ ಮುಗಿಸಿ 'ವಿದೂಷಕ' ಅಂದುಬಿಟ್ಟಿದ್ದೀಯ. ಇದನ್ನು ನಾನು ಒಪ್ಪುವುದಿಲ್ಲ. 1934ರಿಂದ ವಿಕ್ಟರ್ ಕಂಪನಿಗೆ ತನ್ನ ಚಿಕ್ಕ ತಂಡದ ಜೊತೆ ನೂರಾರು ಹಾಡು ರೆಕಾರ್ಡ್ ಮಾಡಿದ. ಅದರಲ್ಲಿ ಎಷ್ಟೋ ಹಾಡುಗಳು ಜೊಳ್ಳು. ಕಂಪನಿ ಕೊಟ್ಟದ್ದನ್ನು ಹಾಡಬೇಕಿತ್ತು. ಸಿಹಿ ಜಾಸ್ತಿಯಾದ ಸಾಲು ಬಂದಾಗ ದನಿಯನ್ನು ಇನ್ನೂ ಸಿಹಿ ಮಾಡಿ, ಹಾಡು ತಾನಾಗಿಯೇ ನಗೆಪಾಟಲಾಗುವ ಹಾಗೆ ಮಾಡುತ್ತಾನೆ. ಹಾಡನ್ನು ಅಣಕಿಸುತ್ತಾನೆ, ತಾಳವನ್ನು ಎಂದೂ ಅಣಕಿಸುವುದಿಲ್ಲ. ಬಾಯಿ ತಮಾಷೆ ಮಾಡುತ್ತಿರುವಾಗಲೂ ಕೆಳಗೆ ಆ ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ. ಅದು ಅಷ್ಟು ನಿಖರವಾಗಿರುವುದರಿಂದಲೇ ಬಾಯಿಗೆ ಅಷ್ಟು ಸಲಿಗೆ.

ಇದರ ಪಕ್ಕದಲ್ಲಿ 1935ರ 'ಐಮ್ ಗೊನ್ನ ಸಿಟ್ ರೈಟ್ ಡೌನ್ ಅಂಡ್ ರೈಟ್ ಮೈಸೆಲ್ಫ್ ಎ ಲೆಟರ್' ಹಾಡನ್ನು ಇಟ್ಟು ಕೇಳು. ತನಗೆ ತಾನೇ ಪತ್ರ ಬರೆದುಕೊಂಡು, ಅದು ಪ್ರೇಯಸಿಯಿಂದ ಬಂತು ಅಂತ ಅಂದುಕೊಳ್ಳುವವನ ಹಾಡು. ಅದು ವಾಲರ್ ಕಟ್ಟಿದ್ದಲ್ಲ. ರಾಗ ಫ್ರೆಡ್ ಆಲರ್ಟ್‌ನದು, ಮಾತು ಜೋ ಯಂಗ್‌ನದು. ಇಲ್ಲಿ ಅಣಕ ಬಹಳ ಕಡಿಮೆ. ಮೆಲ್ಲಗೆ ನುಡಿಸುತ್ತಾನೆ, ಮೆಲ್ಲಗೆ ಹಾಡುತ್ತಾನೆ. ಯಾವ ಹಾಡಿಗೆ ಎಷ್ಟು ಮರ್ಯಾದೆ ಅನ್ನುವ ತೀರ್ಮಾನ ಅವನಿಗಿತ್ತು. ವಿದೂಷಕ ಅಂದರೆ ಈ ತೀರ್ಮಾನ ಕಾಣಿಸದೆ ಹೋಗುತ್ತದೆ.

ನಗುಮುಖದ ಕರಿಯ ಕಲಾವಿದನನ್ನು ಆ ಕಾಲದ ಬಿಳಿಯರು ಬಯಸುತ್ತಿದ್ದರು ಅನ್ನುವುದನ್ನೂ ಮರೆಯಬೇಡ. ಅವನ ಹಾಡಿಗೆ ಚಪ್ಪಾಳೆ ಹೊಡೆದ ಊರಿನಲ್ಲೇ ಕರಿಯರಿಗೆ ಹೋಟೆಲ್ ಕೋಣೆ ಸಿಗುತ್ತಿರಲಿಲ್ಲ. ಅವನ ಮನಸ್ಸು ಆರ್ಗನ್ ಮೇಲಿತ್ತು, ಜರ್ಮನಿಯ ಹಳೆಯ ಸಂಯೋಜಕ ಬಾಕ್ ಮೇಲಿತ್ತು. 1938ರಲ್ಲಿ ಲಂಡನ್ನಿಗೆ ಹೋದಾಗ ಆರ್ಗನ್ನಿನಲ್ಲಿ ಕರಿಯರ ಭಕ್ತಿಗೀತೆಗಳನ್ನು ನುಡಿಸಿ ರೆಕಾರ್ಡ್ ಮಾಡಿದ್ದಾನೆ. ಅವನ್ನು ಕೇಳಿದ ಮೇಲೆ ಆ ಪ್ಯಾರಾ ಮತ್ತೆ ಬರಿ. ಅಯ್ಯೋ ಪಾಪ ಅನ್ನುವ ದನಿ ಮಾತ್ರ ಬೇಡ. ಅವನು ತನ್ನ ನಗುವನ್ನು ಆನಂದಿಸುತ್ತಿದ್ದ ಅನ್ನುವುದೂ ರೆಕಾರ್ಡಿನಲ್ಲೇ ಕೇಳಿಸುತ್ತದೆ. ಎರಡೂ ನಿಜ.

ಕರ್ನಾಟಕದ ನಂಟು ಹುಡುಕಿ ಸುಮ್ನೆ ಎಳೆದು ತರಬೇಡ. ಇಂಡಿಯಾ ಬೇಕೇ ಬೇಕು ಅಂದರೆ ಟೆಡ್ಡಿ ವೆದರ್‌ಫೋರ್ಡ್ ಇದ್ದಾನೆ. ಶಿಕಾಗೊದಿಂದ ಬಂದ ಜಾಝ್ ಪಿಯಾನೊದವನು, ಮುಂಬೈಯ ತಾಜ್ ಹೋಟೆಲಿನಲ್ಲಿ ನುಡಿಸಿ 1945ರಲ್ಲಿ ಕಲ್ಕತ್ತಾದಲ್ಲಿ ತೀರಿಕೊಂಡ. ಅದು ಬೇರೆಯೇ ಲೇಖನ, ಬರೆದರೆ ಖಂಡಿತ ಓದುತ್ತೇನೆ.

ವಾಲರ್ ಸತ್ತ ಕಥೆಯಿಂದ ಲೇಖನ ಶುರು ಮಾಡಿದ್ದೀಯ. 1943ರ ಡಿಸೆಂಬರ್, ರೈಲು, ಕಾನ್ಸಾಸ್ ಸಿಟಿ, ನ್ಯುಮೋನಿಯಾ, ಬರೀ 39 ವರ್ಷ. ಅದನ್ನು ತೆಗೆದು ಒಂದು ಸಾಲು ಮಾಡಿ ಕೊನೆಯ ಕಡೆ ಹಾಕು. ಓದುಗ ಮೊದಲು ಅವನನ್ನು ಕೇಳಲಿ.

ಮುಂದಿನ ಕರಡು ಶುರು ಮಾಡುವ ಮುಂಚೆ ಒಂದು ಕೆಲಸ ಮಾಡು. ಅದೇ 1929ರ ಆಗಸ್ಟ್ 2ರಂದು ಅವನು ಒಬ್ಬನೇ ನುಡಿಸಿದ 'ಏಂಟ್ ಮಿಸ್‌ಬಿಹೇವಿನ್' ತಗೋ. ಅದರ ಬಗ್ಗೆ ಒಂದೇ ಪುಟ ಬರೆದು ಕಳಿಸು. ಎಡಗೈ ಎಲ್ಲಿ ನೆಗೆಯುತ್ತದೆ, ಎಲ್ಲಿ ನೆಗೆಯುವುದು ಬಿಟ್ಟು ಪಕ್ಕದ ಕೀಗೆ ಸರಿಯುತ್ತದೆ, ಆಗ ಬಲಗೈ ಏನು ಮಾಡುತ್ತದೆ, ಇಷ್ಟೇ ಇರಲಿ. 'ಅದ್ಭುತ' ಕಂಡರೆ ಹೊಡೆದುಹಾಕಿ ವಾಪಸ್ ಕಳಿಸುತ್ತೇನೆ.

ಇತಿ,
ನಿನ್ನ ಅಣ್ಣ