ಹೊರಗಡೆ ಮಾಡಿಸ್ತಿದೀವಿ ಮೇಡಂ

ಪ್ರೀತಿಯ ಗೂಗ್ಲಿ,

ನೀನು ಫೋನ್ ಮಾಡಿದಾಗಲೆಲ್ಲ "ಶೋರೂಮಲ್ಲಿ ಇದೀನಿ, ಆಮೇಲೆ ಮಾಡ್ತೀನಿ" ಅಂದೆನಲ್ಲ, ಅದರಲ್ಲಿ ಅರ್ಧ ಸುಳ್ಳು. ಯಾವುದಾದರೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿರುತ್ತಿದ್ದೆ. ಇದನ್ನು ನಿನಗೊಬ್ಬನಿಗೇ ಬರೆಯಬಹುದಿತ್ತು. ಆದರೆ ನೀನು "ಬಿಡೋ, ಎಲ್ಲ ಸರಿ ಹೋಗುತ್ತೆ" ಅಂದುಬಿಡುತ್ತೀಯ. ನಾಲ್ಕು ಜನ ನೋಡುತ್ತಿದ್ದರೆ ಹಾಗನ್ನಲು ನಿನಗೆ ಸ್ವಲ್ಪ ನಾಚಿಕೆಯಾಗಲಿ ಅಂತ ಇಲ್ಲಿ ಹಾಕುತ್ತಿದ್ದೇನೆ. ಇವಳಿಗೆ ಓದಿಸಿಯೇ ಹಾಕುತ್ತೇನೆ, ಗಾಬರಿಯಾಗಬೇಡ.

ನಮಗೆ ಮೂರು ಸಲ ಬಸಿರು ಹೋಯಿತು. ಮೊದಲನೆಯದು ಏಳು ವಾರಕ್ಕೆ, ಎರಡನೆಯದು ಎಂಟಕ್ಕೆ, ಮೂರನೆಯದು ಹತ್ತು ತುಂಬಿದ ಮೇಲೆ. ನಿನಗೆ ಗೊತ್ತಿದ್ದದ್ದು ಒಂದೇ.

ಮೊದಲನೆಯದಕ್ಕೆ ಎಲ್ಲರೂ "ಸಾಮಾನ್ಯ ಕಣೋ" ಅಂದರು. ನಿಜವೂ ಹೌದು. ಆರೇಳು ಬಸಿರಿನಲ್ಲಿ ಒಂದು ಹೀಗೇ ಹೋಗುತ್ತದೆ, ಹೆಚ್ಚಿನ ಸಲ ಆ ಭ್ರೂಣದ ಕ್ರೋಮೋಸೋಮ್ ಲೆಕ್ಕವೇ ತಪ್ಪಿರುತ್ತದೆ. ಮೂರಾದ ಮೇಲೆ ಯಾರೂ ಆ ಮಾತು ಹೇಳಲಿಲ್ಲ. ಡಾಕ್ಟರು ಚೀಟಿಯ ಮೇಲೆ "ಪಿ0 ಎಲ್0 ಎ3" ಎಂದು ಬರೆದರು, ಹೆರಿಗೆ ಸೊನ್ನೆ, ಮಗು ಸೊನ್ನೆ, ಹೋದದ್ದು ಮೂರು ಅಂತ, ಬಸ್ ನಂಬರ್ ಬರೆದ ಹಾಗೆ. ನಮ್ಮತ್ತೆಯ ಬಾಯಲ್ಲೂ ಬಸ್ಸಿನ ಭಾಷೆಯೇ. "ಇವಳಿಗೆ ನಿಲ್ತಿಲ್ಲ." ಆ 'ಎ' ಅಂದರೆ ಅಬಾರ್ಷನ್ ಅಂತ ಗೊತ್ತಾದ ದಿನ ಮಾತ್ರ ಅತ್ತೆಗೆ ಸಿಟ್ಟು ಬಂತು. "ನಾವೇನು ತೆಗೆಸಿದ್ವಾ?" ಅಂತ.

ಆಮೇಲೆ ಶುರುವಾಯಿತು ನಮ್ಮ ಎರಡು ದೋಣಿಯ ಪಯಣ. ಒಂದು ಕಾಲು ತುಮಕೂರಿನ ಪ್ರೈವೇಟಿನಲ್ಲಿ, ಇನ್ನೊಂದು ಬೆಂಗಳೂರಿನ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ. ಪ್ರೈವೇಟಿನಲ್ಲಿ ಸ್ಕ್ಯಾನಿಂಗ್ ನಾಳೆಯೇ ಆಗುತ್ತದೆ. ಸರ್ಕಾರಿಯಲ್ಲಿ ಐದು ವಾರ ಬಿಟ್ಟು ಡೇಟ್ ಕೊಡುತ್ತಾರೆ, ಆದರೆ ಅಲ್ಲಿನ ಮೇಡಂ ಇಂಥದ್ದನ್ನು ದಿನಕ್ಕೆ ನಾಲ್ಕು ನೋಡಿರುತ್ತಾರೆ. ಥೈರಾಯ್ಡು, ಶುಗರ್ ಅಲ್ಲಿ ಬಿಟ್ಟಿ. ರಕ್ತ ಹೆಪ್ಪುಗಟ್ಟಿಸುವ ಆಂಟಿಬಾಡಿ ಇದೆಯಾ ಅಂತ ನೋಡುವ ಎಪಿಎಲ್‌ಎಗೆ ಕಿಟ್ ಇಲ್ಲ, "ಹೊರಗೆ ಮಾಡಿಸ್ಕೊಳ್ಳಿ" ಅಂತ ಬರೆದುಕೊಡುತ್ತಾರೆ. ಹೊರಗೆ ಮಾಡಿಸಿದ್ದನ್ನು ಒಳಗೆ ತಂದು ತೋರಿಸಬೇಕು. ಒಳಗೆ ಹೇಳಿದ್ದನ್ನು ಹೊರಗಿನವರಿಗೆ ಒಪ್ಪಿಸಬೇಕು. ಎರಡು ಮನೆಯ ನಡುವೆ ಮದುವೆ ಮಾತಾಡುವ ದಲ್ಲಾಳಿಯ ಕೆಲಸ ನನ್ನದು. ಕಮಿಷನ್ ಇಲ್ಲ.

ಪ್ರೈವೇಟಿನ ಫೈಲಿನ ಮೇಲೆ ನೀಲಿ ಕಣ್ಣಿನ ದಪ್ಪ ಮಗುವಿನ ಚಿತ್ರವಿದೆ. ಸರ್ಕಾರಿಯದು ಒಂದು ಹಳದಿ ಚೀಟಿ. ನಾಲ್ಕಾಗಿ ಮಡಚಿ ಮಡಚಿ ಗೆರೆಯಲ್ಲಿ ಹರಿಯುತ್ತಿದೆ, ಇವಳು ಹಿಂದಿನಿಂದ ಸೆಲ್ಲೋಟೇಪ್ ಹಾಕಿದ್ದಾಳೆ. ಅಲ್ಲಿನ ಕ್ಯೂನಲ್ಲಿ ನಿಂತಾಗ ಆ ನೀಲಿ ಕಣ್ಣಿನ ಮಗುವನ್ನು ಪೇಪರಿನಿಂದ ಮುಚ್ಚುತ್ತೇನೆ. ದುಡ್ಡಿದ್ದೂ ಇಲ್ಲಿಗ್ಯಾಕೆ ಬಂದ ಅಂತ ಯಾರಾದರೂ ಅಂದುಕೊಂಡಾರು ಅಂತ. ತುಮಕೂರಿನಲ್ಲಿ ಹಳದಿ ಚೀಟಿಯನ್ನು ಫೈಲಿನ ತೀರಾ ಹಿಂದಕ್ಕೆ ತಳ್ಳುತ್ತೇನೆ. ನೀನಾದರೆ ಎರಡೂ ಕಡೆ ಎದೆ ಉಬ್ಬಿಸಿಕೊಂಡು ಹೋಗುತ್ತಿದ್ದೆ. ನಿನಗೇನು, ಹಾಸನದ ಬಸ್ಸಿನಲ್ಲಿ ಆ ಕೋಳಿ ಹಿಡ್ಕೊಂಡೇ ಕೂತವನು.

ಒಂದು ವಿಷಯ ಯಾರಿಗಾದರೂ ಉಪಯೋಗಕ್ಕೆ ಬಂದೀತು, ಕೇಳು. ಪ್ರೈವೇಟಿನಲ್ಲಿ ಸೋಂಕು ಹುಡುಕುವ ಟಾರ್ಚ್ ಅನ್ನುವ ರಕ್ತ ಪರೀಕ್ಷೆಯನ್ನು ನಮಗೆ ಮೂರು ಸಲ ಮಾಡಿಸಿದರು, ಪ್ರತಿ ಸಲ ಎರಡೂವರೆ ಸಾವಿರ. ಸರ್ಕಾರಿಯ ಮೇಡಂ ಮೂರೂ ರಿಪೋರ್ಟನ್ನು ಪಕ್ಕಕ್ಕೆ ಸರಿಸಿದರು. "ಪದೇ ಪದೇ ಹೋಗುವುದಕ್ಕೆ ಇದರಲ್ಲಿ ಕಾರಣ ಸಿಗಲ್ಲ" ಅಂದರು. ಟಾರ್ಚ್ ಬಿಟ್ಟು ಹುಡುಕಿದರೂ ಸಿಗಲ್ಲ ಅಂದರೆ ಇದೇ ನೋಡು. ಎಪಿಎಲ್‌ಎಯದು ಇನ್ನೊಂದು ಕತೆ. ಒಂದು ಲ್ಯಾಬಿನಲ್ಲಿ ಹದಿನೆಂಟು, ಇನ್ನೊಂದರಲ್ಲಿ ನೆಗೆಟಿವ್. ಆ ಹದಿನೆಂಟನ್ನು ನಂಬಿ ಮೂರನೇ ಬಸಿರಿನಲ್ಲಿ ದಿನಾ ರಾತ್ರಿ ಎಂಟಕ್ಕೆ ಇವಳ ಹೊಟ್ಟೆಗೆ ನಾನೇ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಹೆಪಾರಿನ್ ಚುಚ್ಚಿದ್ದೆ. ಹೊಕ್ಕುಳ ಸುತ್ತ ನೇರಳೆ ಹಣ್ಣು ಒತ್ತಿದ ಹಾಗೆ ಕಲೆ. ನಲವತ್ತು ದಾಟಬೇಕು, ಹನ್ನೆರಡು ವಾರ ಬಿಟ್ಟು ಮತ್ತೆ ಮಾಡಿಸಿದಾಗಲೂ ದಾಟಬೇಕು, ಆಗಲೇ ಅದು ಲೆಕ್ಕಕ್ಕೆ ಅಂತ ಆಮೇಲೆ ಗೊತ್ತಾಯಿತು.

ಇನ್ನೊಂದನ್ನು ಬರೆಯಬಾರದು ಅಂದುಕೊಂಡಿದ್ದೆ.

ಮೂರನೆಯದು ಹೋದದ್ದು ರಾತ್ರಿ. ಹತ್ತಿರದ ನರ್ಸಿಂಗ್ ಹೋಮಿಗೇ ಓಡಿದೆವು. ಕ್ಲೀನ್ ಮಾಡಿದ ಮೇಲೆ ಸಿಸ್ಟರ್ ಹೊರಗೆ ಬಂದು ಒಂದು ಪುಟ್ಟ ಬಾಟಲಿ ಕೈಗೆ ಕೊಟ್ಟರು, ಮೆಡಿಕಲ್ ಶಾಪಿನ ಕರಿ ಕವರಿನಲ್ಲಿ. "ರೋಡಿನ ಆ ಕಡೆ ಲ್ಯಾಬಿದೆ, ಕೊಟ್ಬನ್ನಿ." ನಾನು ರೋಡ್ ದಾಟಿದೆ. ಎಗ್ ರೈಸ್ ಗಾಡಿ ಇನ್ನೂ ತೆರೆದಿತ್ತು. ಗಾಡಿಯವನು ಪರಿಚಯದವನು, "ಏನಣ್ಣ ಇಷ್ಟೊತ್ತಲ್ಲಿ, ಪಾರ್ಸೆಲ್ಲಾ?" ಅಂದ. ನಾನು ಹೂಂ ಅಂದೆ. ಕವರಿನಿಂದ ಕಾಲೇಜಿನ ಬಯಾಲಜಿ ಲ್ಯಾಬಿನ ವಾಸನೆ ಬರುತ್ತಿತ್ತು. ಕಪ್ಪೆ ಕೊಯ್ಯುವಾಗ ಕಡ್ಲೆಪುರಿ ಮೇಷ್ಟ್ರು ಮೂಗು ಮುಚ್ಚಿಕೊಳ್ಳುತ್ತಿದ್ದರಲ್ಲ, ಅದೇ.

ಫಾರ್ಮಲಿನ್. ಎರಡು ತಿಂಗಳಾದ ಮೇಲೆ ಸರ್ಕಾರಿ ಮೇಡಂ ಹೇಳಿದರು, ಫಾರ್ಮಲಿನ್‌ಗೆ ಹಾಕಿದರೆ ಜೀವಕೋಶ ಬೆಳೆಸಿ ಕ್ರೋಮೋಸೋಮ್ ನೋಡುವ ಪರೀಕ್ಷೆ ಆಗುವುದಿಲ್ಲ, ಸಲೈನಿನಲ್ಲಿ ಹಾಕಿಸಬೇಕಿತ್ತು ಅಂತ. ಹೋದದ್ದೇಕೆ ಅಂತ ಹೇಳಬಲ್ಲದ್ದು ಆ ಬಾಟಲಿಯೊಳಗಿತ್ತು. ರಿಪೋರ್ಟಿನಲ್ಲಿ ಬಂದದ್ದು ಒಂದೇ ಸಾಲು, 'ಪ್ರಾಡಕ್ಟ್ಸ್ ಆಫ್ ಕನ್ಸೆಪ್ಷನ್', ಅಂದರೆ ಬಸಿರಿನ ಅಂಶ ಅಂತ ಅಷ್ಟೇ. ನಾನು ಟೈಲ್ಸ್ ಮಾರುವವನು ಕಣೋ. ದಿನಕ್ಕೆ ನೂರು ಸಲ "ಪ್ರಾಡಕ್ಟ್ ನೋಡಿ ಸಾರ್" ಅನ್ನುವವನು. ಈಗ "ಐಟಂ ನೋಡಿ ಸಾರ್" ಅನ್ನುತ್ತೇನೆ. ಓನರಿಗೆ ಅದು ಸ್ಟ್ಯಾಂಡರ್ಡ್ ಅನ್ನಿಸುವುದಿಲ್ಲವಂತೆ.

(ಇವಳ ಫ್ಯಾಕ್ಟರಿಯ ಆಫೀಸಿನಲ್ಲಿ ಮೂರು ದಿನ ರಜೆ ಕೊಟ್ಟು ದೊಡ್ಡ ಉಪಕಾರ ಮಾಡಿದ ಹಾಗೆ ಆಡಿದರು. ಗರ್ಭ ಹೋದರೆ ಆರು ವಾರ ಸಂಬಳದ ರಜೆ ಅಂತ 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಕಾಲದಿಂದಲೂ ಕಾನೂನಿನಲ್ಲೇ ಇದೆ. ನಮಗೆ ಗೊತ್ತಾದದ್ದು ಮೂರನೆಯದೂ ಮುಗಿದ ಮೇಲೆ. ಓದುತ್ತಿರುವವರು ಬರೆದಿಟ್ಟುಕೊಳ್ಳಿ.)

ಈಗ ಅಸಲು ವಿಷಯ. ಇದನ್ನು ಬರೆಯುವುದಕ್ಕೇ ಕೂತದ್ದು ಅಂತ ಈಗ ಅನ್ನಿಸುತ್ತಿದೆ, ಶುರು ಮಾಡಿದಾಗ ಅನ್ನಿಸಿರಲಿಲ್ಲ.

ಗಂಡ ಹೆಂಡತಿ ಇಬ್ಬರದೂ ಕ್ಯಾರಿಯೋಟೈಪ್, ಅಂದರೆ ರಕ್ತ ತೆಗೆದು ಕ್ರೋಮೋಸೋಮ್ ನೋಡುವ ಪರೀಕ್ಷೆ ಮಾಡಿಸಿ ಅಂತ ಪ್ರೈವೇಟಿನಲ್ಲಿ ಹೇಳಿದ್ದರು. ಹೀಗೆ ಪದೇ ಪದೇ ಹೋಗುವ ನೂರು ಜೋಡಿಯಲ್ಲಿ ಎರಡರಿಂದ ಐದು ಜೋಡಿಯಲ್ಲಿ, ಯಾರಾದರೊಬ್ಬರ ಕ್ರೋಮೋಸೋಮಿನ ತುಂಡುಗಳು ಅದಲುಬದಲಾಗಿರುತ್ತವೆ. ಒಟ್ಟು ಲೆಕ್ಕ ಸರಿ ಇರುತ್ತದೆ, ಅವರು ಗಟ್ಟಿಮುಟ್ಟಾಗೇ ಇರುತ್ತಾರೆ. ಮಗುವಿಗೆ ಪಾಲು ಕೊಡುವಾಗ ಮಾತ್ರ ಒಂದು ಜಾಸ್ತಿ ಹೋಗಬಹುದು, ಒಂದು ಕಮ್ಮಿ. ಸಿದ್ಧಗಂಗೆ ಜಾತ್ರೆಯಲ್ಲಿ ಚಪ್ಪಲಿ ಅದಲುಬದಲು ಮಾಡಿಕೊಂಡು ಬಂದ ನಿನಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾ?

ಇವಳದು ಕೊಟ್ಟೆವು. ನನ್ನದಕ್ಕೆ "ಅದನ್ನ ಸರ್ಕಾರಿಯಲ್ಲಿ ಮಾಡಿಸ್ತೀವಿ ಮೇಡಂ, ಖರ್ಚು ಜಾಸ್ತಿ ಆಯ್ತು" ಅಂದೆ. ಅವರು ತಲೆಯಾಡಿಸಿದರು. ಬೆಂಗಳೂರಿನಲ್ಲಿ ಕೇಳಿದಾಗ "ಹೊರಗಡೆ ಮಾಡಿಸ್ತಿದೀವಿ ಮೇಡಂ, ರಿಪೋರ್ಟ್ ಬರಬೇಕು" ಅಂದೆ. ಅವರೂ ತಲೆಯಾಡಿಸಿದರು. ಹೀಗೆ ನಾಲ್ಕು ತಿಂಗಳು. ಇವರ ಕಂಪ್ಯೂಟರಿನಲ್ಲಿ ಇರುವುದು ಅವರಿಗೆ ಕಾಣುವುದಿಲ್ಲ, ಅವರ ಚೀಟಿಯನ್ನು ಇವರು ಓದುವುದಿಲ್ಲ. ಎರಡು ಆಸ್ಪತ್ರೆಯ ನಡುವೆ ಒಬ್ಬ ಗಂಡಸು ಅಡಗಿ ಕೂರುವಷ್ಟು ಜಾಗವಿದೆ ಗೂಗ್ಲಿ. ನೆರಳೂ ಇದೆ.

ದುಡ್ಡಿರಲಿಲ್ಲ ಅಂತಲ್ಲ. ಐದೂವರೆ ಸಾವಿರ. ಅದೇ ತಿಂಗಳು ಬೈಕಿಗೆ ಅಲಾಯ್ ವೀಲ್ ಹಾಕಿಸಿದೆ, ನೀನೇ ಲೈಕ್ ಒತ್ತಿದ್ದೀಯ.

ಇವಳ ರಿಪೋರ್ಟ್ ನಾರ್ಮಲ್ ಬಂತು. ಖುಷಿಯಾಗಬೇಕಿತ್ತು ಅಲ್ವಾ? ನನಗೆ ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು. ಅಂದರೆ ಅವಳದರಲ್ಲಿ ಏನಾದರೂ ಸಿಗಲಿ ಅಂತ ನಾನು ಒಳಗೇ ಕಾಯುತ್ತಿದ್ದೆ. ಅಮ್ಮ ಇವಳನ್ನು ಘಾಟಿ ಸುಬ್ರಹ್ಮಣ್ಯಕ್ಕೆ ಕರೆದುಕೊಂಡು ಹೋದರು, ಮಂಗಳವಾರದ ಉಪವಾಸ ಹಿಡಿಸಿದರು. ನಾನು ಕಾರಿಗೆ ಪೆಟ್ರೋಲ್ ಹಾಕಿಸಿದೆ. "ಅಮ್ಮಾ, ನನ್ನದಿನ್ನೂ ನೋಡಿಲ್ಲ" ಅಂತ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಇವಳ ಮೊಣಕೈ ಮಡಿಕೆಗೆ ಎಷ್ಟು ಸಲ ಹತ್ತಿ ಅಂಟಿಸಿದ್ದಾರೆ ಅಂತ ಬಿಲ್ಲು ನೋಡಿ ಎಣಿಸಿದೆ. ಇಪ್ಪತ್ಮೂರು. ನನ್ನದು ಸೊನ್ನೆ.

ಸಿಕ್ಕಿಬಿದ್ದದ್ದು ಹೋದ ತಿಂಗಳು. ಸರ್ಕಾರಿ ಆಸ್ಪತ್ರೆಯ ಒಬ್ಬ ಪಿಜಿ ಡಾಕ್ಟರ್, ಇಪ್ಪತ್ತಾರಿಪ್ಪತ್ತೇಳರ ಹುಡುಗಿ, ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿತ್ತು. ನೀಲಿ ಕಣ್ಣಿನ ಫೈಲನ್ನೂ ಹಳದಿ ಚೀಟಿಯನ್ನೂ ಟೇಬಲ್ಲಿನ ಮೇಲೆ ಹರಡಿ, ಒಂದು ಬಿಳಿ ಹಾಳೆಗೆ ಸ್ಕೇಲಿನಲ್ಲಿ ಗೆರೆ ಎಳೆದಳು. ಯಾವ ತಾರೀಖು, ಎಷ್ಟು ವಾರ, ಯಾವ ಟೆಸ್ಟು, ಎಲ್ಲಿ, ಎಷ್ಟು ಬಂತು. ಎರಡು ವರ್ಷದಲ್ಲಿ ಯಾರೂ ಮಾಡದ ಕೆಲಸ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಒಂದೇ ಮನೆ ಖಾಲಿ. ಅದರಲ್ಲಿ "ಗಂಡ" ಅಂತ ಬರೆದು ಪಕ್ಕದಲ್ಲಿ ಒಂದು ಪ್ರಶ್ನೆ ಗುರುತು ಹಾಕಿದಳು. ತಲೆಯೆತ್ತಿ ನನ್ನನ್ನು ನೋಡಿದಳು.

ನಾನು ಏನಂದೆ ಗೊತ್ತಾ? "ಆಧಾರ್ ಝೆರಾಕ್ಸ್ ತಂದಿಲ್ಲ ಮೇಡಂ."

ಆ ಹಾಳೆಯ ಎರಡು ಪ್ರತಿ ಮಾಡಿಸಿದ್ದೇನೆ, ಒಂದು ಅಲ್ಲಿಗೆ, ಒಂದು ಇಲ್ಲಿಗೆ. ಮಂಗಳವಾರ ತುಮಕೂರಿನಲ್ಲೇ ರಕ್ತ ಕೊಟ್ಟೆ. ಹಸಿರು ಮುಚ್ಚಳದ ಒಂದು ಟ್ಯೂಬು, ಅಷ್ಟೇ. ಕೋಶ ಬೆಳೆಸಬೇಕಂತೆ, ರಿಪೋರ್ಟಿಗೆ ಮೂರು ವಾರ. ಎಲ್ಲ ಟೆಸ್ಟ್ ಮಾಡಿಸಿದರೂ ಅರ್ಧದಷ್ಟು ಜನಕ್ಕೆ ಕಾರಣವೇ ಸಿಗುವುದಿಲ್ಲ, ಸಿಗದವರಲ್ಲೂ ಹೆಚ್ಚಿನವರಿಗೆ ಮುಂದೆ ಮಗು ಆಗುತ್ತದೆ ಅಂತ ಆ ಹುಡುಗಿ ಹೇಳಿದಳು. ಇವಳು ಆ ಮಾತನ್ನು ಇನ್ನೊಂದು ಸಲ ಹೇಳಿಸಿದಳು.

ಇಷ್ಟು ಬರೆದು ಇವಳಿಗೆ ಕೊಟ್ಟೆ. ಸಾರಿನ ಒಗ್ಗರಣೆ ಹಾಕುತ್ತ ಓದಿದಳು. ನಾನು ಬಾಗಿಲಲ್ಲಿ ನಿಂತಿದ್ದೆ, ಎಸ್ಸೆಸ್ಸೆಲ್ಸಿ ರಿಸಲ್ಟಿಗೆ ನಿಂತ ಹಾಗೆ. ಫೋನ್ ವಾಪಸ್ ಕೊಟ್ಟು ಅಂದಳು, "ಎರಡನೇದು ಎಂಟು ವಾರ ಅಲ್ಲ. ಒಂಬತ್ತು ವಾರ, ಎರಡು ದಿನ."

ಮೇಲೆ ತಿದ್ದಿಲ್ಲ, ಹಾಗೇ ಬಿಟ್ಟಿದ್ದೇನೆ.

ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಸೇರಿಸಿದಳು. "ರಕ್ತ ಕೊಟ್ಟಾಗ ತಲೆ ಸುತ್ತಿ ಬಿದ್ದಿದ್ದು ಬರೆದೇ ಇಲ್ಲವಲ್ಲ." ಬಿದ್ದೆ ಅನ್ನುವುದು ಜಾಸ್ತಿಯಾಯಿತು. ಕೂತೆ, ನೆಲದ ಮೇಲೆ. ಲ್ಯಾಬಿನ ಹುಡುಗ ಒಂದು ಗ್ಲೂಕೋಸ್ ಬಿಸ್ಕತ್ತು ಕೊಟ್ಟ, ಇವಳು ಅದರಲ್ಲೂ ಅರ್ಧ ಮುರಿದುಕೊಂಡಳು. ನೆಲದ ಟೈಲ್ಸ್ ನೋಡಿದೆ, ನಮ್ಮ ಶೋರೂಮಿನದೇ. ಎರಡು ಅಡಿ ಬೈ ಎರಡು ಅಡಿ ವಿಟ್ರಿಫೈಡ್. ಒಳ್ಳೆ ಐಟಂ. ತಲೆಗೆ ತಣ್ಣಗಿರುತ್ತೆ.

ಮೂರು ವಾರ ನಾನೇ ಫೋನ್ ಮಾಡಲ್ಲ, ನೀನೇ ಮಾಡು. ಶೋರೂಮಲ್ಲೇ ಇರ್ತೀನಿ. ಈ ಸಲ ನಿಜವಾಗ್ಲೂ.

ನಿನ್ನ,
ಅರ್ಧ ಬಿಸ್ಕತ್ತು