ಇಬ್ಬರ ಮನೆಗೊಂದು ಬಸ್ಸಾರು: ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ,

ಇಬ್ಬರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಮೊನ್ನೆ ಫೋನಿನಲ್ಲಿ ನೀನು, 'ಮನೆಗೆ ಬರೋದೇ ಎಂಟು ಗಂಟೆ ಆಗುತ್ತಪ್ಪ, ಆಮೇಲೆ ಯಾರು ಮಾಡ್ತಾರೆ, ಆರ್ಡರ್ ಮಾಡಿಬಿಡ್ತೀವಿ' ಅಂದೆ. ತಿಂಗಳ ಕೊನೆಗೆ ಕೈಯಲ್ಲಿ ದುಡ್ಡು ನಿಲ್ಲುತ್ತಿಲ್ಲ ಅಂತಲೂ ಹೇಳಿದೆ. ಇದರ ಬಗ್ಗೆ ಫೋನಿನಲ್ಲಿ ಹೇಳಿದರೆ ಅರ್ಧಂಬರ್ಧ ಆಗುತ್ತೆ, ಅದಕ್ಕೇ ಬರೆಯುತ್ತಿದ್ದೇನೆ. ಅಳಿಯಂದಿರಿಗೂ ಓದಲು ಕೊಡು. ಇದು ಅವರಿಗೂ ಬರೆದದ್ದೇ.

ಇಬ್ಬರಿಗೆ ಅಡುಗೆ ಮಾಡೋದು ದೊಡ್ಡ ಕೆಲಸ ಅಲ್ಲ ಕಣಮ್ಮ. ಅದು ಒಬ್ಬರ ತಲೆ ಮೇಲೇ ಬಿದ್ದರೆ ಮಾತ್ರ ದೊಡ್ಡದಾಗುತ್ತೆ. ನಮ್ಮ ಮದುವೆಯಾದ ಹೊಸದರಲ್ಲಿ ಮಂಡ್ಯದ ಬಾಡಿಗೆ ಮನೆಯಲ್ಲಿ ಇದ್ದದ್ದು ಒಂದೇ ಸೀಮೆಎಣ್ಣೆ ಸ್ಟೌ. ಎಣ್ಣೆ ಉಳಿಸಬೇಕು, ಸಾರೂ ಆಗಬೇಕು, ಪಲ್ಯವೂ ಆಗಬೇಕು. ಹಾಗಾಗಿ ವಾರದಲ್ಲಿ ಮೂರು ದಿನವಾದರೂ ಬಸ್ಸಾರೇ. ಒಂದೇ ಸಲ ಬೇಯಿಸಿದರೆ ಎರಡು ಅಡುಗೆ ಸಿಗುತ್ತಲ್ಲ, ಅದಕ್ಕೆ. ನೀನು ಅದನ್ನು ತಿಂದು ಬೆಳೆದವಳು. ಈಗ ಮಾಡೋದನ್ನೂ ಕಲಿತುಕೋ, ಇಬ್ಬರೂ ಸೇರಿ ಕಲಿಯಿರಿ.

ಬೆಳಿಗ್ಗೆ ಆಫೀಸಿಗೆ ಹೊರಡುವ ಮೊದಲು ಅರ್ಧ ಲೋಟ ಅಲಸಂದೆ ಕಾಳು ನೆನೆಹಾಕಿ ಹೋಗಿ. ನೆನೆದ ಕಾಳು ಬೇಗ ಬೇಯುತ್ತೆ, ಗ್ಯಾಸೂ ಉಳಿಯುತ್ತೆ. ಹೆಸರುಕಾಳು, ಹುರುಳಿ, ಏನಾದರೂ ನಡೆಯುತ್ತೆ. ಸಂಜೆ ಬಂದಮೇಲೆ ಒಬ್ಬರು ಕಾಳು ಬೇಯಲು ಇಟ್ಟು ದಂಟಿನ ಸೊಪ್ಪು ಬಿಡಿಸಿ ತೊಳೆಯಿರಿ. ಎಳೆ ದಂಟು ಬಿಸಾಡಬೇಡಿ, ಸಣ್ಣಗೆ ಹೆಚ್ಚಿ ಅದನ್ನೂ ಹಾಕಿ. ಕಾಳು ಮುಕ್ಕಾಲು ಬೆಂದಾಗ ಸೊಪ್ಪು, ಉಪ್ಪು ಹಾಕಿ ಬೇಯಿಸಿ, ನೀರು ಬಸಿದಿಟ್ಟುಕೊಳ್ಳಿ. ಆ ನೀರೇ ಸಾರಿನ ಜೀವ. ಸೊಪ್ಪು ಬೇಯುವಾಗ ಅದರ ಸತ್ವ ಒಂದಷ್ಟು ನೀರಿಗೆ ಇಳಿದಿರುತ್ತೆ. ಎಷ್ಟೋ ಮನೆಗಳಲ್ಲಿ ಅದನ್ನು ಸಿಂಕಿಗೆ ಚೆಲ್ಲುತ್ತಾರೆ, ನೋಡಿದರೆ ಸಂಕಟ ಆಗುತ್ತೆ.

ಅಷ್ಟರಲ್ಲಿ ಇನ್ನೊಬ್ಬರು ಖಾರ ರುಬ್ಬಿಕೊಳ್ಳಲಿ. ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ, ಅದಕ್ಕೆ ಸ್ವಲ್ಪ ಕಾಯಿತುರಿ, ಜೀರಿಗೆ, ನಾಲ್ಕು ಕಾಳು ಮೆಣಸು, ಅಮ್ಮನ ಸಾರಿನ ಪುಡಿ, ಹುಣಸೆಹಣ್ಣು. ಜೊತೆಗೆ ಬೆಂದ ಸೊಪ್ಪು-ಕಾಳು ಒಂದು ಸೌಟು. ಆ ಒಂದು ಸೌಟು ಮರೆಯಬೇಡಿ, ಸಾರು ಮಂದ ಆಗೋದೇ ಅದರಿಂದ. ರುಬ್ಬಿದ್ದನ್ನು ಬಸಿದ ನೀರಿಗೆ ಹಾಕಿ ಚೆನ್ನಾಗಿ ಕುದಿಸಿದರೆ ಸಾರಾಯಿತು. ಉಳಿದ ಸೊಪ್ಪು-ಕಾಳಿಗೆ ಸಾಸಿವೆ, ಒಣಮೆಣಸಿನಕಾಯಿ, ಈರುಳ್ಳಿ ಒಗ್ಗರಣೆ ಕೊಟ್ಟು, ಮೇಲೆ ಚೂರು ಕಾಯಿ ಹಾಕಿದರೆ ಪಲ್ಯ. ಪಲ್ಯಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳಿ, ಸೊಪ್ಪಿನ ಕಬ್ಬಿಣದಂಶ ಮೈಗೆ ಹಿಡಿಯಲು ಅದು ಒಳ್ಳೆಯದು. ಊಟ ಆದ ತಕ್ಷಣ ಕಾಫಿ ಕುಡಿಯುವ ಅಭ್ಯಾಸ ಬಿಡಿ, ಅದು ಇದಕ್ಕೆ ಉಲ್ಟಾ ಕೆಲಸ ಮಾಡುತ್ತೆ.

ಮುದ್ದೆಗಂತೂ ಇಬ್ಬರು ಬೇಕೇ ಬೇಕು. ಎರಡು ಲೋಟ ನೀರಿಗೆ ಒಂದು ಚಮಚ ರಾಗಿ ಹಿಟ್ಟು ಕದಡಿ ಕುದಿಯಲು ಇಡಿ. ಕುದಿ ಬಂದಮೇಲೆ ಒಂದು ಲೋಟದ ಮೇಲೆ ಸ್ವಲ್ಪ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ. ಕೈ ಹಾಕಬೇಡಿ. ಉರಿ ಸಣ್ಣ ಮಾಡಿ, ಗುಡ್ಡೆಯ ಸುತ್ತ ನೀರು ಕೊತಕೊತ ಉಕ್ಕುತ್ತಾ ಹಿಟ್ಟು ಬೇಯಲಿ. ಆಮೇಲೆ ಪಾತ್ರೆ ಇಳಿಸಿ, ಒಬ್ಬರು ಬಟ್ಟೆ ಹಿಡಿದು ಗಟ್ಟಿಯಾಗಿ ಅದುಮಿ ಹಿಡಿಯಿರಿ, ಇನ್ನೊಬ್ಬರು ಹಿಟ್ಟಿನ ಕೋಲಿನಲ್ಲಿ ಪಾತ್ರೆಯ ಅಂಚಿಗೆ ಒತ್ತಿ ಒತ್ತಿ ತಿರುವಿ. ಗಂಟು ಒಡೆದು, ಹಿಟ್ಟು ಪಾತ್ರೆ ಬಿಟ್ಟು ಕೋಲಿಗೆ ಸುತ್ತಿಕೊಂಡು ಬರಬೇಕು. ಹೊಳಪು ಕಂಡರೆ ಬೆಂದಿದೆ ಅಂತ ಲೆಕ್ಕ. ಇನ್ನೊಂದೆರಡು ನಿಮಿಷ ಸಣ್ಣ ಉರಿಯಲ್ಲಿ ಮುಚ್ಚಿಟ್ಟು, ಕೈ ಒದ್ದೆ ಮಾಡಿಕೊಂಡು ಕಟ್ಟಿ. ನಮ್ಮ ಮನೆಯಲ್ಲಿ ಮೊದಲಿಂದಲೂ ತಿರುವೋದು ನಾನು, ಕಟ್ಟೋದು ನಿಮ್ಮಮ್ಮ. ಅಷ್ಟು ಉಂಡೆಯಾಗಿ ಕಟ್ಟೋಕೆ ಅವಳಿಗೆ ಮಾತ್ರ ಬರೋದು.

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಆಚರಿಸಿತು. ಈಗ ಚಂದದ ಪ್ಯಾಕೆಟ್ಟಿನಲ್ಲಿ ರಾಗಿ ಬಿಸ್ಕತ್ತು, ರಾಗಿ ಚಿಪ್ಸು ಎಲ್ಲಾ ಕಡೆ ಸಿಗುತ್ತೆ. ಅವಕ್ಕೆ ದುಡ್ಡು ಹಾಕಬೇಡಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ಬರೀ ಹಿಟ್ಟು ತಂದರೂ ಅದು ಅಷ್ಟೇ ಸಿಗುತ್ತೆ.

ಇನ್ನೊಂದು ಮಾತು. ಇದನ್ನು ಅಳಿಯಂದಿರು ಗಮನವಿಟ್ಟು ಓದಲಿ. ಹೆಚ್ಚಿಕೊಡೋದು, ಪಾತ್ರೆ ತೊಳೆಯೋದು ಇಷ್ಟೇ ಪಾಲು ಅಲ್ಲ. 'ಇವತ್ತು ಏನು ಸಾರು' ಅಂತ ದಿನಾ ಯೋಚನೆ ಮಾಡೋದು, ಬೇಳೆ ಮುಗೀತಾ ನೋಡೋದು, ಕಾಳು ನೆನೆಹಾಕೋದು ನೆನಪಿಟ್ಟುಕೊಳ್ಳೋದು, ಇವೆಲ್ಲಾ ಕೆಲಸವೇ. ನಿಮ್ಮಮ್ಮ ಹೆಚ್ಚು ದಣಿಯುತ್ತಿದ್ದದ್ದು ಈ ಯೋಚನೆಯಿಂದ. ಹಾಗಾಗಿ ವಾರವನ್ನು ಹಂಚಿಕೊಂಡೆವು. ನನ್ನ ದಿನ ಏನು ಮಾಡೋದು ಅಂತ ಅವಳು ಕೇಳೋ ಹಾಗಿಲ್ಲ, ನಾನೂ ಅವಳನ್ನು ಕೇಳೋ ಹಾಗಿಲ್ಲ. ನೀವೂ ಹಾಗೆ ಮಾಡಿ. ಅವರ ದಿನ ಬರೀ ತಿಳಿಸಾರು, ಹಪ್ಪಳ ಆದರೂ ಸಂತೋಷವಾಗಿ ಉಣ್ಣು. ಉಪ್ಪು ಜಾಸ್ತಿ ಆಯ್ತು ಅಂತ ಸೌಟು ಕಿತ್ತುಕೊಳ್ಳಬೇಡ.

ಬಸ್ಸಾರು ಸ್ವಲ್ಪ ಜಾಸ್ತಿಯೇ ಮಾಡಿ, ಮಾರನೇ ದಿನ ಕುದಿಸಿದರೆ ಇನ್ನೂ ರುಚಿ. ಉಳಿದ ಅನ್ನ ಬೆಳಿಗ್ಗೆ ಚಿತ್ರಾನ್ನ ಆಗಲಿ. ಹೀರೆಕಾಯಿ ತಂದರೆ ಸಿಪ್ಪೆ ಹುರಿದು ಚಟ್ನಿ ಮಾಡಿ. ಅವರೆಕಾಯಿ ಕಾಲ ಬಂದಾಗ, ಡಿಸೆಂಬರ್, ಜನವರಿಯಲ್ಲಿ, ಭಾನುವಾರ ಇಬ್ಬರೂ ಕೂತು ಬಿಡಿಸಿ. ನೆನೆಸಿದ ಕಾಳು ಹಿತುಕುತ್ತಾ ಕೂತರೆ ವಾರದ ಮಾತೆಲ್ಲಾ ಆಡಿ ಮುಗಿಸಬಹುದು.

ಅಮ್ಮ ಸಾರಿನ ಪುಡಿ ಮಾಡಿಟ್ಟಿದ್ದಾಳೆ. ಊರಿನ ಹುರುಳಿ, ಮಿಲ್ಲಿಗೆ ಹಾಕಿಸಿದ ರಾಗಿ ಹಿಟ್ಟು, ಒಂದು ಹಿಟ್ಟಿನ ಕೋಲು ಎಲ್ಲಾ ಚೀಲಕ್ಕೆ ತುಂಬಿದ್ದೇನೆ. ಬರುವ ಶನಿವಾರ ನಾನೇ ತಂದುಕೊಡುತ್ತೇನೆ. ಸೊಪ್ಪು ಮಾತ್ರ ಅಲ್ಲೇ ತಂದಿಟ್ಟಿರಿ, ರಾತ್ರಿ ಊಟ ನಿಮ್ಮಲ್ಲೇ.

ಇಂತಿ,
ನಿನ್ನ ಅಪ್ಪ