ಕೋಟೆ ಫೋಟೋ ಬೆಳ್ಳಗೆ ಬಂದೋರು ಓದ್ರಿ

ಭಾನುವಾರ ಚಿತ್ರದುರ್ಗದ ಕೋಟೇಲಿ ತೆಗ್ದಿದ್ದು ಗ್ರೂಪಿಗೆ ಹಾಕಿದ್ರಲ್ಲ, ಅರ್ಧಕ್ಕರ್ಧ ಆಕಾಶ ಸುಣ್ಣ ಬಳಿದಂಗೈತಿ, ಕ್ಯಾಮೆರಾ ಕೆಟ್ಟೈತಿ ಅಂತ ರಿಪೇರಿಗೆ ಓಡ್ಬೇಡ್ರಪ್ಪ. ಮೊದ್ಲು ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಅಂಕಿ) ನೋಡ್ರಿ, ಹಿಂದಿನ ರಾತ್ರಿ ಮದುವೆ ಮನೇಲಿ 3200ಕ್ಕೆ ಇಟ್ಟಿದ್ದು ಹಂಗೇ ಇರ್ತೈತಿ, ಬಿಸಿಲಿಗೆ 100 ಸಾಕು (ನಂದೂ ಹಿಂಗಾಗಿ ಚಂದ್ರವಳ್ಳಿ ಫೋಟೋ ಅಷ್ಟೂ ಹೋದ್ವು). ಆಮೇಲೆ ಪ್ಲಸ್ ಮೈನಸ್ ಗುರುತಿನ ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಫೋಟೋನ ಬೆಳ್ಳಗೆ ಇಲ್ಲಾ ಕಪ್ಪಗೆ ಮಾಡೋ ಸೆಟ್ಟಿಂಗ್) ಸೊನ್ನೇಲಿ ಐತಾ ನೋಡ್ರಿ, ಸುಮಾರು ಕ್ಯಾಮೆರಾದಾಗೆ ಆಫ್ ಮಾಡಿದ್ರೂ ಅದು ಹೋಗಲ್ಲ. ಮೀಟರಿಂಗ್ (ಕ್ಯಾಮೆರಾ ಬೆಳಕು ಅಳೆಯೋ ರೀತಿ) ಸ್ಪಾಟಲ್ಲಿದ್ದು, ಅಂದ್ರೆ ಒಂದೇ ಸಣ್ಣ ಜಾಗ ಅಳೀತಿದ್ದು, ಬಾಗಿಲ ನೆರಳಿಗೆ ಹಿಡಿದ್ರೆ ಹೊರಗಿನ ಬಂಡೆ ಬೆಳ್ಳಗಾಗೋದೇ. ಬಿಸಿಲಲ್ಲಿ ಸ್ಕ್ರೀನ್ ನಂಬ್ಬೇಡ್ರಿ, ಹಿಸ್ಟೋಗ್ರಾಮ್ (ಫೋಟೋದಾಗೆ ಕಪ್ಪು ಎಷ್ಟು ಬಿಳಿ ಎಷ್ಟು ಅಂತ ತೋರ್ಸೋ ಗ್ರಾಫ್) ಬಲಗಡೆ ಅಂಚಿಗೆ ಒತ್ಕೊಂಡಿದ್ರೆ ಕಾಂಪೆನ್ಸೇಶನ್ ಮೈನಸ್ 1 ಮಾಡಿ ಅಲ್ಲೇ ಇನ್ನೊಂದು ಹೊಡೀರಿ. ಇಷ್ಟಾದ್ರೂ ಸರಿಯಾಗ್ಲಿಲ್ಲ ಅಂದ್ರೆ ಸೆಟ್ಟಿಂಗ್ ಕಾಣೋ ಹಂಗೆ ಒಂದು ಫೋಟೋ ಹಾಕ್ರಿ, ಗುಡ್ ಮಾರ್ನಿಂಗ್ ಮೆಸೇಜ್ ಮಧ್ಯೆ ಕಳೆದ್ಹೋಗ್ದಂಗೆ.